ಬೇಲಿಯಾಚೆಯ ಕರಿಬೇವು

ಏಪ್ರಿಲ್ ೯, ಬೆಳಿಗ್ಗೆ
ಹಾಜರಿ ತೆಗೆದುಕೊಂಡೆ. ನಿಂಬೆ ಚಿಟ್ಟೆ — ಬಂದಿದೆ, ಅಂಗಳದ ನಿಂಬೆ ಗಿಡಕ್ಕೆ ಮೊಟ್ಟೆಯಿಡಲು. ಹಳದಿ ಚಿಟ್ಟೆಗಳು — ಬಂದಿವೆ, ಶಿಸ್ತಿಲ್ಲ. ಪತಂಗ ಬರಲೆಂದು ರಾತ್ರಿ ಬಲ್ಬಿನ ಬಳಿ ಕಟ್ಟಿದ್ದ ಬೆಡ್‌ಶೀಟಿನ ಮೇಲೆ ಬೂದು ಪತಂಗವೊಂದು ಇನ್ನೂ ಮಲಗಿದೆ. ನಿವೃತ್ತ ಗುಮಾಸ್ತನ ಹಾಗೆ. ಹೆಸರು ತಿಳಿಯದು.
ಚಹಾ ತಂದ ಶಿವಲೀಲಾ, "ಹಡಗಲಿ ಮಂದಿ ಎಲ್ಲಾ ಹುಳ ಸಾಯ್ಲಿ ಅಂತ ಬೇಡ್ಕೊಂತಾರ. ನಮ್ಮನೆಯವ್ರು ಅವಕ್ಕ ನಾಮಕರಣ ಮಾಡ್ತಾರ" ಅಂದಳು. ಹೆಂಡತಿಯ ಹೆಮ್ಮೆ!

ಏಪ್ರಿಲ್ ೨೧
ಮಹತ್ವದ ಸುದ್ದಿ. ನಮ್ಮ ಕರಿಬೇವಿನ ಮೇಲೆ ಐದು ಮರಿಹುಳ. ಮೊನ್ನೆ ಹಕ್ಕಿ ಹಿಕ್ಕೆಯಂತಿದ್ದವು. ಇಂದು ಹಸಿರು ಅಂಗಿ. ಬದುಕಿದರೆ ಕರಿ ಚಿಟ್ಟೆ, ರೆಕ್ಕೆಯಂಚಿಗೆ ಬಿಳಿ ಚುಕ್ಕೆ. ತೋಟ ಭಾಗವಾದ ಮೇಲೆ ಕಂಡೇ ಇರಲಿಲ್ಲ. ಭಾಗದಲ್ಲಿ ಬಾವಿ ತಮ್ಮ ಗುರುಬಸವರಾಜನಿಗೆ ಹೋಯಿತು. ಮಾತು ಇಬ್ಬರಿಗೂ ಹೋಯಿತು. ನಾಲ್ಕು ವರ್ಷ. ಅವನು ಬೇಲಿಯಾಚೆ ಮಲ್ಲಿಗೆ ಬೆಳೆಯುತ್ತಾನೆ, ನಾನು ಈಚೆ ಹುಳ.

ಏಪ್ರಿಲ್ ೨೭
ಐವರೂ ಸೇರಿ ಗಿಡ ಬೋಳಿಸಿದ್ದಾರೆ. ಇನ್ನು ಬೇಲಿಯಾಚೆಯೇ ಗತಿ. ಗಂಡಸರ ಮಾತು ನಿಂತರೂ ಹೆಂಗಸರ ಕರಿಬೇವು ನಿಂತಿಲ್ಲ. ಕೇಳಿದರೆ ಇಲ್ಲವೆನ್ನುವ ರೂಢಿ ನಮ್ಮಲ್ಲಿಲ್ಲ. ನಾನೇ ಹೋದೆ. ತಮ್ಮನ ಹೆಂಡತಿ ಅಮೃತಾ, "ಸಾರಿಗೇನ್ರಿ ಭಾವ?" ಅಂದಳು.
"ಇಲ್ಲಮ್ಮ. ಹುಳಕ್ಕ."
"ಹುಳಕ್ಕ? ಹಂಗಾರ ಎಷ್ಟ್ ಬೇಕಾದ್ರೂ ಒಯ್ರಿ!"
ಮಡಿಲು ತುಂಬಾ ಕಿತ್ತುಕೊಟ್ಟಳು. ತಮ್ಮ ಮಲ್ಲಿಗೆ ಸಾಲಿನಿಂದ ನೋಡಿದ. ನಗು ತಡೆದಂತಿತ್ತು. ಮಾತಾಡುತ್ತಾನೆ — ಇವತ್ತಲ್ಲ, ನಾಳೆ. ಅದೊಂದಾದರೆ…

ಏಪ್ರಿಲ್ ೨೯
ಐದೂ ಸತ್ತಿವೆ. ಹಸಿರು ನೀರು ಕಾರಿ, ಮುದುಡಿ. ಬಿಸಿಲೋ? ಇರುವೆಯೋ? ಹಾಜರಿ ತೆಗೆದುಕೊಳ್ಳಲಿಲ್ಲ.

ಮೇ ೪
ಅಮೃತಾ ಬೇಲಿಯಿಂದ ಕೂಗಿದಳು. "ಚಿಟ್ಟಿ ಆದ್ವೇನ್ರಿ ಭಾವ?"
ಸತ್ತವು ಎಂದೆ.
"ಅಯ್ಯ! ಮಲ್ಲಿಗಿಗೆ ಹೊಡೆದ ಔಷಧ ಗಾಳಿಗೆ ಕರಿಬೇವಿನ ಮ್ಯಾಲೂ ಬಿದ್ದಿತ್ತಲ್ರಿ. ನೀವು ಸಾರಿಗೆ ಅಂದಿದ್ರ ದೇವರಾಣಿ ಕೊಡ್ತಿರ್ಲಿಲ್ಲ. ಹುಳಕ್ಕ ಅಂದ್ರಿ…"
ನಮ್ಮ ಜೀವದ ಮೇಲೆ ಎಂಥ ಕಾಳಜಿ! ಕೈಮುಗಿಯಬೇಕು. ಮುಗಿದೆ.
ಶಿವಲೀಲಾ ಎಲ್ಲ ಕೇಳಿಸಿಕೊಂಡಳು. ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿ ತಂದಳು.

ಮೇ ೬, ಸಂಜೆ
ತಮ್ಮ ಮಾತಾಡಿದ!
ಔಷಧ ಹೊಡೆಯುವ ಪಂಪು ಬೆನ್ನಿಗೇರಿಸಿಕೊಂಡು, ಬೇಲಿ ದಾಟಿ, ಅಂಗಳಕ್ಕೇ ಬಂದ. "ಅಣ್ಣ, ನಿನ್ನ ಗಿಡಕ್ಕೂ ಹುಳ ಬಿದ್ದಾವಂತಲ್ಲ, ಅಮೃತಾ ಅಂದ್ಲು. ಔಷಧ ಉಳದೈತಿ. ಹೊಡೆದುಬಿಡ್ಲೇನು?"
ನಾಲ್ಕು ವರ್ಷ ಕಾದ ಧ್ವನಿ. ಥೇಟ್ ಅಪ್ಪನದು. ಬೇಡವೆಂದರೆ ಮತ್ತೆಷ್ಟು ವರ್ಷ? "ತಡಿಯೋ, ಬಂದೆ" ಅಂದು ಒಳಗೆ ಓಡಿಬಂದು ಇದನ್ನು ಗೀಚುತ್ತಿದ್ದೇನೆ. ಬೇಡ ಎನ್ನಲು ಒಂದು ಮೆತ್ತನೆಯ ಮಾತು ಬೇಕು. ಊರಿಗೆಲ್ಲ ಮಾತಿನ ಮಲ್ಲ ನಾನು, ಸಿಗುತ್ತಿಲ್ಲ.
ನಿಂಬೆ ಗಿಡದ ಕಡೆ ಪಂಪಿನ ಹಿಡಿ… ಕಿರ್ರ್… ಕಿರ್ರ್… ಕೂಗಬೇಕು. ಕೂಗಿದರೆ