ನಡುವಿನ ತುಂಡು

ಜೂನ್ 3, ಸಂಜೆ

ಮತ್ತೆ ಕೊಯ್ಯುವ ಕೆಲಸ. ಚನ್ನಪಟ್ಟಣದ ಸ್ಕೂಲೊಂದರ ಗಣಿತ ಲ್ಯಾಬಿಗೆ ಆರು ಕ್ಯೂಬ್. ಹಾಲೆಮರದ ಗಟ್ಟಿ ತುಂಡಿಗೆ ಹೊರಗೆಲ್ಲ ಕೆಂಪು ಬಳಿದು, ಇಪ್ಪತ್ತೇಳು ಭಾಗ ಮಾಡಬೇಕು. ಮೂಲೆಯ ಎಂಟಕ್ಕೆ ಮೂರು ಮುಖ ಕೆಂಪು, ಅಂಚಿನ ಹನ್ನೆರಡಕ್ಕೆ ಎರಡು, ಮುಖಗಳ ನಡುವಿನ ಆರಕ್ಕೆ ಒಂದು. ಒಳಗಿನ ಒಂದೇ ಒಂದಕ್ಕೆ ಬಣ್ಣವೇ ಇಲ್ಲ.

ಇವತ್ತು ಅದಕ್ಕೂ ಒಂದು ಮುಖ ಕೆಂಪು.

ಬಣ್ಣ ಬಳಿಯುವ ಕೆಹಕಶಾನ್‌ಗೆ ಬೈದೆ. "ಗಟ್ಟಿ ಮರದೊಳ್ಗೆ ಹೆಂಗಕ್ಕಾ ಬಳೀಲಿ?" ಅಂದಳು. ಹೌದಲ್ಲ... ಪೆದ್ದಿ ನಾನೇ.

ಶೆಡ್ಡಿನಿಂದ ಒಳಗೆ ಬಂದರೆ ಹಾಸಿಗೆ ಹಿಡಿದ ನಮ್ಮ ಯಜಮಾನರ ಬಲ ಹೆಬ್ಬೆರಳು ಅಲ್ಲಾಡಿತು! ಲಕ್ವ ಹೊಡೆದು ಬಲಭಾಗ, ಮಾತು ಎರಡೂ ಹೋದಮೇಲೆ ಇದೇ ಮೊದಲು. ಅತ್ತುಬಿಟ್ಟೆ.

ಜೂನ್ 4

ಎರಡನೇ ಕ್ಯೂಬ್. ಒಳಗಿನದಕ್ಕೆ ಎರಡು ಮುಖ ಕೆಂಪು. ಇವರು ಲೋಟ ಹಿಡಿದರು. ನನ್ನ ಬಲಗೈ ಜೋಮು... ಗರಗಸ ಎಳೆದದ್ದಕ್ಕೇ ಇರಬೇಕು.

ಜೂನ್ 7

ನಾಲ್ಕನೇ ಕ್ಯೂಬ್, ಒಳಗೆ ನಾಲ್ಕು ಮುಖ ಕೆಂಪು. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬಂದರು. ನನಗೆ ದೋಸೆ ಮಗುಚಲಾಗಲಿಲ್ಲ. ಬಲಗಾಲೂ ಎಳೆಯುತ್ತಿದೆ.

ಈಗ ನೆನಪಾಯಿತು. ಲಕ್ವ ಹೊಡೆದ ದಿನ ಇವರ ಗರಗಸಕ್ಕೆ ಕುಂಕುಮ ಇಟ್ಟು ಬೇಡಿಕೊಂಡಿದ್ದೆ — ಇವರದು ವಾಪಸ್ ಬರಲಿ, ಬೇಕಾದರೆ ನನ್ನದು ಹೋಗಲಿ. ಸಂಕಟಕ್ಕೆ ಅಂದದ್ದು. ಕೇಳಿಸಿಕೊಂಡದ್ದು ಯಾರು?

ಜೂನ್ 9

ಐದು. ಕೊಯ್ದದ್ದೂ ಎಡಗೈಯಲ್ಲಿ, ಬರೆಯುತ್ತಿರುವುದೂ ಎಡಗೈಯಲ್ಲಿ.

ಕ್ಯೂಬಿಗೆ ಆರೇ ಮುಖ. ನಡುವಿನ ತುಂಡು ಹೊರಬರಲು ಮುಖಕ್ಕೊಂದರಂತೆ ಆರು ಕೊಯ್ತ ಬೇಕೇ ಬೇಕು. ಯಾವ ಜಾಣನೂ ಒಂದು ಕಡಿಮೆ ಮಾಡಲಾರ. ಇವರಿಗೆ ಬರಬೇಕಾದ್ದು ಇನ್ನು ಮಾತೊಂದೇ. ನನ್ನಲ್ಲಿ ಉಳಿದದ್ದೂ ಅದೇ.

ಕೊನೆಯ ಕ್ಯೂಬನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟೆ. ಭಯವಾಗುತ್ತಿದೆ. ಇವರ ಬಾಯಲ್ಲಿ ನನ್ನ ಹೆಸರು ಒಂದು ಸಲ ಕೇಳಬೇಕೆಂಬ ಆಸೆಯೂ ಇದೆ, ಹಾಳಾದ್ದು.

ಜೂನ್ 10, ಬೆಳಿಗ್ಗೆ 7

ಅಡುಗೆಮನೆ ತುಂಬ ಅಕ್ಕಿ ಚೆಲ್ಲಿದೆ. ಶೆಡ್ಡಿನಲ್ಲಿ ಗರಗಸದ ಸದ್ದು. ಆರ್ಡರ್ ಮುಗಿಸುವ ಆತುರ ಇವರಿಗೆ, ಮೊದಲಿಂದಲೂ ಹಾಗೇ. ಮಂಚದಿಂದ ಏಳಲಾಗುತ್ತಿಲ್ಲ. ಬೇಡ ಅಂತ ಕೂಗಿದೆ. ಕೇಳಿಸಲಿಲ್ಲ.

ಐದು ಕೊಯ್ತ ಆಯಿತು. ಆರನೆಯದು —

ಸದ್ದು ನಿಂತಿತು.

"ನಾಗೂ... ಬಾ ಇಲ್ಲಿ. ಒಳ್ಗಿಂದೂ ಪೂರ್ತಿ ಕೆಂಪೈತೆ ಕಣೇ."

ಎಷ್ಟು ಚೆಂದ ಕರೆದರು. ಬಂದೆ ಅನ್ನಬೇಕು. ನಾಲಿಗೆ