ಸಕ್ಕರೆ ಹಾಕದ ಚಹಾ

ಕೋಥ್ರೂಡ, ಪುಣೆ
೧೫-೯-೨೦೨೫, ಸೋಮವಾರ

ಪ್ರೀತಿಯ ಮಗ ಅಮರ,

ಬೆನ್ನುನೋವು ಹೇಗಿದೆ? ಭುಜ್‌ನ ಆ ಗಾಳಿಯಂತ್ರಗಳ ಕೆಳಗೆ ದಿನವಿಡೀ ನಿಲ್ಲಬೇಡ, ಎಣ್ಣೆ ಹಚ್ಚಿಕೊ. ನನ್ನ ಮಂಡಿ ಪರವಾಗಿಲ್ಲ. ನಮ್ಮ ರಸ್ತೆಯ ಫುಟ್‌ಪಾತ್ ಮಾತ್ರ ಇನ್ನೂ ಬಾಯಿ ತೆರೆದುಕೊಂಡೇ ಇದೆ. ಪತ್ರಿಕೆಗೆ ಮತ್ತೊಂದು ಪತ್ರ ಬರೆದಿದ್ದೇನೆ. ಫೋನಿನಲ್ಲಾದರೆ ನೀನು ‘ಹ್ಞೂಂ ಅವ್ವಾ’ ಎಂದು ಇಟ್ಟುಬಿಡುತ್ತೀ, ಅದಕ್ಕೇ ನಿನಗೂ ಬರೆಯುತ್ತಿದ್ದೇನೆ.

ನಿನ್ನ ಮಗಳು ತ್ರಿವೇಣಿ ಹನ್ನೊಂದನೆಯ ತರಗತಿಗೆ ಮನಃಶಾಸ್ತ್ರ ತೆಗೆದುಕೊಂಡಾಗಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ, ಬೇಸರವೂ ಇಲ್ಲ. ಹಳೆಯ ನೆನಪನ್ನು ಹೊರತೆಗೆದಾಗಲೆಲ್ಲ ನಾವು ಸ್ವಲ್ಪ ತಿದ್ದಿ ಇಡುತ್ತೇವಂತೆ, ಅವಳ ಪುಸ್ತಕದಲ್ಲಿದೆ. ತಿದ್ದುವವರು ತಿದ್ದಿಕೊಳ್ಳಲಿ. ಭೂಗೋಳ ಪರೀಕ್ಷೆಯ ದಿನ ನೀನು ಹೊಟ್ಟೆನೋವೆಂದು ಮಲಗಿ, ಸಂಜೆ ನಾಲ್ಕು ವಡಾಪಾವ್ ತಿಂದದ್ದು ನನಗೆ ಇದ್ದಂತೆಯೇ ನೆನಪಿದೆ.

ಹೋದ ತಿಂಗಳು ನನ್ನಣ್ಣ ಮಹದೇವಪ್ಪ ಬಾರಾಮತಿಯಿಂದ ಬಂದವನು, ‘ಇದು ಹುಚ್ಚರ ವಿದ್ಯಾ, ಬಿಡಿಸಿ ಗಣಿತ ಕೊಡಸ್ರಿ’ ಎಂದ. ನಿನ್ನ ಹೆಂಡತಿ ಸಪ್ನಾ ತಲೆಯಾಡಿಸಿದಳು. ನೀನು ಫೋನಿನಲ್ಲಿ ‘ಮಾಮಾ ಹೇಳಿದ ಮ್ಯಾಲ ಮುಗೀತು’ ಎಂದೆ. ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಒಂದು ಪ್ರಯೋಗ ಮಾಡುತ್ತೇನೆಂದು ಎದ್ದಳು.

ನಿನ್ನೆ ಅಣ್ಣ ಮತ್ತೆ ಬಂದಿದ್ದ. ಪಕ್ಕದ ಮನೆಯ ಮೋಹನದಾಸ್ ಕೂಡ ಇದ್ದರು. ನಮ್ಮಲ್ಲಿ ಮೊದಲ ಕಪ್ಪೂ ಮೊದಲ ಮಾತೂ ಅಣ್ಣನದು. ಉಳಿದವರು ಹೌದೆನ್ನಲು ಇರುವವರು. ತ್ರಿವೇಣಿ ಅದನ್ನೇ ತಿರುಗಿಸಿದಳು. ‘ಅಜ್ಜಾ, ನಿಮಗ ಬ್ಯಾರೆ ಬಿಸಿ ಮಾಡಿ ತರ್ತೀನಿ’ ಎಂದು ಅವನಿಗೆ ಕೊನೆಯಲ್ಲಿ ಕೊಟ್ಟಳು. ಯಾರ ಚಹಾದಲ್ಲೂ ಸಕ್ಕರೆಯ ಒಂದು ಹರಳೂ ಇರಲಿಲ್ಲ. ಏನು ಹೇಳಬೇಕೆಂದು ಅವನೊಬ್ಬನನ್ನು ಬಿಟ್ಟು ನಮಗೆಲ್ಲ ಮೊದಲೇ ಕಲಿಸಿದ್ದಳು.

‘ಸಕ್ರಿ ಭಾಳ ಆತಲ್ರಿ’ ಎಂದರು ಮೋಹನದಾಸ್. ‘ಹೌದ್ರಿ, ಕೈ ಜಾರಿತು’ ಎಂದಳು ಸಪ್ನಾ. ಪಾಲಿಕೆಯವರ ಸುಳ್ಳಿನ ಮೇಲೆ ಇಷ್ಟು ವರ್ಷ ಬರೆದ ನಾನು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದೆ. ಸಕ್ಕರೆ ಕಾರ್ಖಾನೆಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ನನ್ನಣ್ಣ ಒಂದು ಗುಟುಕು ಕುಡಿದ, ನಮ್ಮ ಮುಖಗಳನ್ನು ನೋಡಿದ, ಇನ್ನೊಂದು ಗುಟುಕು ಕುಡಿದ. ‘ಸಣ್ಣ ಹರಳಿನ ಸಕ್ರಿ ಹಾಕೀದಿ, ಮಗಳ. ಅದು ಹಿಂಗ ಗಂಟಲಕ್ಕ ಹತ್ತತದ’ ಎಂದ.

ಮೋಹನದಾಸರಿಗೆ ಚಹಾ ನೆತ್ತಿಗೇರಿತು. ತ್ರಿವೇಣಿ ನಗಲಿಲ್ಲ. ನಡೆದದ್ದನ್ನು ಬಿಡಿಸಿ ಹೇಳಿ, ‘ನಿಮ್ಮ ತಪ್ಪಲ್ಲ ಅಜ್ಜಾ. ಮೂರು ಮಂದಿ ಒಂದ ಮಾತು ಅಂದ್ರ ಭಾಳ ಮಂದಿಗೆ ಹಿಂಗ ಆಗ್ತದ’ ಎಂದಳು. ಅಣ್ಣ ತಾನೇ ಎದ್ದು ಎರಡು ಚಮಚ ಸಕ್ಕರೆ ಹಾಕಿಕೊಂಡು ಬಂದು ಕೂತ. ‘ಮತ್ತೇನೇನ ಅದ ನಿನ್ನ ಪುಸ್ತಕದಾಗ?’ ಎಂದು ಶುರುವಾದವನು ಬಾರಾಮತಿಯ ಬಸ್ಸು ತಪ್ಪಿಸಿಕೊಂಡ.

ಸಪ್ನಾ ಶೇಂಗಾ ಚಟ್ನಿ ಕಳಿಸಿದ್ದಾಳೆ. ಹೊಟ್ಟೆ ತುಂಬ ಉಣ್ಣು, ಗಟ್ಟಿಯಾಗಿರು ಮಗನೇ.

ನಿನ್ನ ಅವ್ವ
ಶಿವಗಂಗವ್ವ

ತಾ.ಕ.: ವಿಷಯ ಬದಲಾಯಿಸಲು ತಿಂಗಳ ಕೊನೆಯವರೆಗೆ ಅವಕಾಶವಿದೆ, ಕಾಲೇಜಿನವರು ಕೇಳುವುದು ನಿನ್ನ ಮಾತನ್ನು. ಮಾಮಾ ಈಗ ‘ಇದನ್ನ ಓದಲಿ’ ಅನ್ನುತ್ತಿದ್ದಾನೆ, ಆದ್ದರಿಂದ ನೀನೂ ಹೌದೆನ್ನುತ್ತೀ, ಗೊತ್ತು. ಹಾಗೆ ಬೇಡ. ಮೊದಲು ಮಗಳಿಗೆ ಫೋನ್ ಮಾಡಿ, ಅವಳಿಗೇನು ಬೇಕೆಂದು ಕೇಳು. ಒಮ್ಮೆಯಾದರೂ ಚಹಾ ನೀನೇ ಕುಡಿದು ಹೇಳು.