ಜಾಣಮರಿ ಪೊಟ್ಟಣದ ಹಿಂದೆ ಉರಿಯುತ್ತಿದ್ದ ಕೆಂಪು ದೀಪ

ಮಾನ್ಯ ಮಹಾನಿರ್ದೇಶಕರೇ,

ನಿಮ್ಮ ವಾಹನ ನೋಂದಣಿ ಇಲಾಖೆಯ ಕಂಪ್ಯೂಟರುಗಳು ಹೋದ ತಿಂಗಳು ಕೈಕೊಟ್ಟು ಕೂತದ್ದಕ್ಕೆ ನನ್ನ ತರಗತಿಯ ಹುಡುಗಿಯೊಬ್ಬಳು ಕಾರಣ ಎಂದು ನೀವು ನಮ್ಮ ಶಾಲೆಗೆ ದೂರು ಕೊಟ್ಟಿದ್ದೀರಿ. ಅವಳು ಮಾಡಿದ ಅಪರಾಧವೆಂದರೆ, ನಿಮ್ಮ ತಂತ್ರಜ್ಞಾನ ವಿಭಾಗದ ಯಂತ್ರಕೋಣೆಯಲ್ಲಿ ಒಂದು ತಿಂಡಿ ಪೊಟ್ಟಣವನ್ನು ಎತ್ತಿದ್ದು. ಅದನ್ನು ನೀವು "ಅತಿಸೂಕ್ಷ್ಮ ವ್ಯವಸ್ಥೆಗೆ ಸಂಬಂಧಿಸಿದ ವಸ್ತುವಿನ ಅನಧಿಕೃತ ಸ್ಥಳಾಂತರ" ಎಂದು ಕರೆದಿದ್ದೀರಿ. ಜೋಳದ ಕುರುಕಲಿಗೆ ಇಷ್ಟು ಉದ್ದದ ಬಿರುದಿದೆಯೆಂದು ನನಗೆ ಈ ವಯಸ್ಸಿನವರೆಗೂ ತಿಳಿದಿರಲಿಲ್ಲ. ನಮ್ಮ ಬೀದಿಯ ಅಂಗಡಿಯವಳಿಗೂ ತಿಳಿದಿರಲಾರದು. ತಿಳಿದಿದ್ದರೆ ಇಷ್ಟು ಹೊತ್ತಿಗೆ ಬೆಲೆ ಏರಿಸಿರುತ್ತಿದ್ದಳು.

ಹುಡುಗಿಯ ಹೆಸರು ಯೆನ್ ಯೂತುಂಗ್. ನಮ್ಮದು ವೃತ್ತಿಶಿಕ್ಷಣದ ಶಾಲೆ, ಅವಳು ವಿದ್ಯುತ್ ವಿಭಾಗದ ಕೊನೆಯ ವರ್ಷದಲ್ಲಿದ್ದಾಳೆ. ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಈ ಸಲ ಶಾಲೆ ಶಿಫಾರಸು ಮಾಡಬೇಕೆಂದಿರುವುದು ಅವಳ ಹೆಸರನ್ನೇ. ಆದರೆ ನಡತೆಯ ಪಟ್ಟಿಯಲ್ಲಿ 'ಗುರುತರ ತಪ್ಪು' ಎಂದು ಬರೆಸಿಕೊಂಡವರನ್ನು ಶಿಫಾರಸು ಮಾಡುವಂತಿಲ್ಲ. ನಿಮ್ಮ ದೂರನ್ನು ಹಿಡಿದುಕೊಂಡು ಸೋಮವಾರ ನಮ್ಮ ಶಿಸ್ತು ಸಮಿತಿ ಸೇರಲಿದೆ. ನಮ್ಮ ಮುಖ್ಯೋಪಾಧ್ಯಾಯರು ಸರ್ಕಾರದ ಮುದ್ರೆ ಕಂಡರೆ ಎದ್ದು ನಿಲ್ಲುವ ಜಾತಿಯವರು. ಆದ್ದರಿಂದ ಆ ಸಭೆಯಲ್ಲಿ ಏನಾಗುತ್ತದೆಂದು ಊಹಿಸಲು ಗಣಿತದ ಶಿಕ್ಷಕಿಯೇ ಆಗಿರಬೇಕಿಲ್ಲ. ಆದರೂ ನಾನು ಗಣಿತದ ಶಿಕ್ಷಕಿಯೇ, ಅದರ ಮೇಲೆ ಆ ತರಗತಿಯ ಹೊಣೆಗಾರ್ತಿ. ಅವತ್ತು ಮಕ್ಕಳನ್ನು ಬಸ್ಸು ಹತ್ತಿಸಿ ನಿಮ್ಮ ಬಾಗಿಲಿಗೆ ಕರೆತಂದವಳು ನಾನು. ಹಾಗಾಗಿ ಅಲ್ಲಿ ನಡೆದದ್ದನ್ನು ನಿಮಗೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ನಿಮ್ಮ ಕೆಳಗಿನವರು ನಿಮಗೆ ಹೇಳಿರುವ ಕತೆ ಬೇರೆಯೇ ಇದ್ದಂತಿದೆ.

ಮೊದಲಿಗೆ, ಆತಿಥ್ಯಕ್ಕೆ ಧನ್ಯವಾದ. 'ನಾಳೆಯ ತಂತ್ರಜ್ಞಾನ, ಇಂದಿನ ಭೇಟಿ' ಎಂಬ ಬ್ಯಾನರ್ ಕಟ್ಟಿದ್ದಿರಿ. ನಿಮ್ಮ ಇಲಾಖೆಯ ಗೊಂಬೆ, ಆ ನಗುವ ಸ್ಕೂಟರು, ಒಳಗೆ ಮನುಷ್ಯನನ್ನು ಹೊತ್ತು ಬೆವರುತ್ತ ಬಾಗಿಲಲ್ಲೇ ಕೈಬೀಸಿತು. ತಂತ್ರಜ್ಞಾನ ವಿಭಾಗದ ಶಾಖಾಧಿಕಾರಿಗಳು ಪರದೆಯ ಮೇಲೆ ಚಿತ್ರ ತೋರಿಸುತ್ತ ಬಹಳ ಹೊತ್ತು ಮಾತಾಡಿದರು. ನಿಮ್ಮ ಭಾವಚಿತ್ರ ಅದರಲ್ಲಿ ಎಷ್ಟು ಸಲ ಬಂತೆಂದರೆ, ಹಿಂದಿನ ಸಾಲಿನ ಹುಡುಗರು ನಿಮ್ಮನ್ನೇ ಒಂದು ತಂತ್ರಾಂಶವೆಂದು ತಿಳಿದಿದ್ದರು. ಪ್ರಶ್ನೋತ್ತರದಲ್ಲಿ ಗೆದ್ದವರಿಗೆ ಕೈಚೀಲ, ಸೋತವರಿಗೆ ಟಿಶ್ಯೂ ಕಾಗದ ಕೊಟ್ಟಿರಿ. ಮಕ್ಕಳು ಖುಷಿಯಾಗಿದ್ದರು. ಆಮೇಲೆ ಬೂಟು ಬಿಚ್ಚಿಸಿ, ನೀಲಿ ಚಪ್ಪಲಿ ಹಾಕಿಸಿ, ಯಂತ್ರಕೋಣೆಗೆ ಕರೆದೊಯ್ದಿರಿ.

ಅಲ್ಲಿ ಕಪಾಟಿನಂಥ ಕಪ್ಪು ಯಂತ್ರಗಳ ಸಾಲು. ಒಂದೊಂದರಲ್ಲೂ ಒಂದೊಂದು ಹಸಿರು ಪೊಟ್ಟಣ. ನಿಮಗೂ ಗೊತ್ತು, ನನಗೂ ಗೊತ್ತು, ತೈವಾನಿನ ಎಲ್ಲ ಕಚೇರಿಗಳ ಎಲ್ಲ ಗುಮಾಸ್ತರಿಗೂ ಗೊತ್ತು: ಆ ಕುರುಕಲಿನ ಹೆಸರಿಗೆ 'ಜಾಣಮರಿ' ಎಂದರ್ಥ. ಹಟ ಮಾಡುವ ಕೂಸನ್ನು ತಲೆ ಸವರಿ ಸುಮ್ಮನಾಗಿಸುವ ಮಾತು ಅದು. ಅದನ್ನು ಯಂತ್ರದ ಬಳಿ ಇಟ್ಟರೆ ಯಂತ್ರವೂ ಜಾಣಮರಿಯಾಗಿ ನಡೆಯುತ್ತದೆ. ಪೊಟ್ಟಣ ಹಸಿರೇ ಆಗಿರಬೇಕು, ಯಾಕೆಂದರೆ ಎಲ್ಲ ಸರಿಯಿದ್ದಾಗ ಉರಿಯುವುದು ಹಸಿರು ದೀಪ. ಒಡೆದಿರಬಾರದು, ಯಾರೂ ತಿಂದಿರಬಾರದು, ಮುಖ್ಯವಾಗಿ ಮೇಲೆ ಅಚ್ಚಾದ ಅವಧಿ ಮುಗಿದಿರಬಾರದು. ಈ ನಂಬಿಕೆಯ ವಿಷಯದಲ್ಲಿ ನನಗೂ ನಿಮಗೂ ಜಗಳವಿಲ್ಲ. ನಮ್ಮ ಶಿಕ್ಷಕರ ಕೋಣೆಯ ಜೆರಾಕ್ಸ್ ಯಂತ್ರದ ಮೇಲೂ ಒಂದು ಪೊಟ್ಟಣವಿದೆ, ಇಟ್ಟವಳು ನಾನೇ.

ಯೂತುಂಗ್ ಕಣ್ಣಿಗೆ ಬಿದ್ದದ್ದು ಮೂರನೇ ಕಪಾಟಿನ ಪೊಟ್ಟಣ. ಬಾಗಿ ಓದಿದಳು, ಕೈ ಎತ್ತಿದಳು.

"ಸಾರ್, ಇದರ ಡೇಟ್ ಮುಗ್ದೋಗಿದೆ. ನಾನು ಈ ಸ್ಕೂಲಿಗೆ ಸೇರೋಕ್ ಮುಂಚೇನೇ ಮುಗ್ದಿದೆ."

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಶಾಖಾಧಿಕಾರಿಗಳೂ ನಕ್ಕರು, ಅದನ್ನು ಒಪ್ಪಬೇಕು. "ಅಯ್ಯೋ, ಸಿಕ್ಕಾಕೊಂಡ್ಬಿಟ್ವಲ್ಲಪ್ಪಾ!" ಎಂದು ಹಣೆ ಬಡಿದುಕೊಂಡರು. ಮರುದಿನ ನಮ್ಮ ಶಾಲೆಯಲ್ಲಿ ಪ್ರಾಯೋಗಿಕ ಪರೀಕ್ಷೆಯಿತ್ತು. ಲ್ಯಾಬಿನ ಕಂಪ್ಯೂಟರಿಗೆ ಇಡಲೆಂದು ತರಗತಿಯವರು ತಂದಿದ್ದ ಹೊಸ ಪೊಟ್ಟಣ ಯೂತುಂಗ್‌ಳ ಚೀಲದಲ್ಲಿತ್ತು.

"ನನ್ನತ್ರ ಹೊಸದಿದೆ ಸಾರ್, ಬದಲಾಯಿಸ್ಲಾ?"

"ಬದಲಾಯ್ಸು, ಬದಲಾಯ್ಸು! ನೋಡ್ರಿ ಮಕ್ಳೇ, ಜಾಣೆ ಅಂದ್ರೆ ಹೀಗಿರ್ಬೇಕು."

ಇದು ಅನುಮತಿ ಅಲ್ಲವಾದರೆ ಅನುಮತಿ ಎಂದರೆ ಏನೆಂದು ನೀವೇ ತಿಳಿಸಬೇಕು. ಅವಳು ಹಳೆಯ ಪೊಟ್ಟಣ ಎತ್ತಿದಳು. ಧೂಳು ಉದುರಿತು. ಅದು ಕೂತಿದ್ದ ಜಾಗದ ಹಿಂದೆ ಒಂದು ಕೆಂಪು ದೀಪ ಉರಿಯುತ್ತಿತ್ತು. ದೀಪದ ಪಕ್ಕದಲ್ಲಿ ಕೂಗಿ ಎಚ್ಚರಿಸುವ ಪುಟ್ಟ ಗಂಟೆ, ಅದರ ಬಾಯಿಗೆ ಅಡ್ಡಡ್ಡ ಟೇಪು ಅಂಟಿಸಿತ್ತು.

"ಸಾರ್, ಇಲ್ಲಿ ಕೆಂಪು ದೀಪ ಉರೀತಿದೆ. ಡಿಸ್ಕ್ ಹೋಗ್ತಿದೆ ಅನ್ಸತ್ತೆ."

"ಅದು ಯಾವಾಗ್ಲೂ ಹಾಗೇ ಉರೀತಿರತ್ತೆ ಪುಟ್ಟಿ. ನಾನು ಈ ಸೆಕ್ಷನ್ನಿಗೆ ಬಂದಾಗ್ಲೂ ಉರೀತಿತ್ತು. ಕಣ್ಣಿಗೆ ಚುಚ್ಚತ್ತೆ ಅಂತ್ಲೇ ಪೊಟ್ಣ ಅಲ್ಲಿ ಇಟ್ಟಿರೋದು."

"ಆದ್ರೆ ಸಾರ್, ಕೆಂಪು ಅಂದ್ರೆ..."

"ಜಾಣಮರಿ ಅಲ್ವಾ? ಸುಮ್ನೆ ನಿಂತ್ಕೋ, ಫೋಟೋ ತೆಗೀಬೇಕು."

ಮಹಾನಿರ್ದೇಶಕರೇ, ಆ ಫೋಟೋ ಬಗ್ಗೆ ಎರಡು ಮಾತು ಹೇಳಲೇಬೇಕು. ಅವಧಿ ಮುಗಿದ ಪೊಟ್ಟಣ ಹಿಡಿದು ನಿಂತರೆ ತಮಾಷೆಯಾಗಿರುತ್ತದೆ ಎಂದು ಶಾಖಾಧಿಕಾರಿಗಳೇ ಯೂತುಂಗ್‌ಳನ್ನು ನಡುವೆ ನಿಲ್ಲಿಸಿಕೊಂಡು, ತಾವು ಪಕ್ಕದಲ್ಲಿ ಹೆಬ್ಬೆರಳು ಎತ್ತಿದರು. ನಿಮ್ಮ ಛಾಯಾಗ್ರಾಹಕ ಎಲ್ಲರ ಮುಖದಲ್ಲಿ ನಗು ತರಿಸಲು ಎಂದಿನಂತೆ "ಕಲ್ಲಂಗಡಿ ಸಿಹಿನಾ?" ಎಂದು ಕೂಗಿದ, ನಾವೆಲ್ಲ ಹಲ್ಲುಬಿಟ್ಟು "ಸಿಹಿ!" ಎಂದೆವು. ಅದೇ ಸಂಜೆ ನಿಮ್ಮ ಇಲಾಖೆಯೇ ಅದನ್ನು ತನ್ನ ಜಾಲತಾಣದಲ್ಲಿ ಹಾಕಿತು. ಚಿತ್ರ ತುಂಬ ಚೆನ್ನಾಗಿ ಬಂದಿದೆ. ಹುಡುಗಿಯ ಕೈಯಲ್ಲಿ ಪೊಟ್ಟಣ, ಅಧಿಕಾರಿಯ ಹೆಬ್ಬೆರಳು, ಹಿಂದೆ ಕಪಾಟಿನ ಮೇಲೆ ದಪ್ಪಗೆ ಬರೆದ ಮೂರು ಎಂಬ ಅಂಕಿ, ಆ ಮೂರರ ಕೆಳಗೆ ಕಚೇರಿಯ ಮೊಹರಿನ ಹಾಗೆ ಕೆಂಪು ದೀಪ. ಈಗ ಅದನ್ನು ಅಳಿಸುವ ಯೋಚನೆಯಿದ್ದರೆ ದಯವಿಟ್ಟು ಶ್ರಮಪಡಬೇಡಿ. ನಮ್ಮ ತರಗತಿಯ ಮಕ್ಕಳ ಅಮ್ಮಂದಿರೆಲ್ಲ ಅದನ್ನು ಇಳಿಸಿಕೊಂಡು, ತಂತಮ್ಮ ಮನೆತನದ ಫೋನು ಗುಂಪುಗಳಿಗೆಲ್ಲ ಕಳಿಸಿಯಾಗಿದೆ.

ಫೋಟೋ ಆದ ಮೇಲೆ ಹೊಸ ಪೊಟ್ಟಣವನ್ನು ಯೂತುಂಗ್ ಕೈಯಿಂದ ತೆಗೆದುಕೊಂಡು, ಮೊದಲಿದ್ದ ಜಾಗದಲ್ಲೇ, ಅಂದರೆ ದೀಪಕ್ಕೆ ಅಡ್ಡವಾಗಿ, ಇಟ್ಟವರು ಯಾರು? ಶಾಖಾಧಿಕಾರಿಗಳು, ಸ್ವಹಸ್ತದಿಂದ. ಆಮೇಲೆ ನಾವು ಹಂದಿಮಾಂಸದ ಡಬ್ಬಿ ಊಟ ಮುಗಿಸಿ ಬಸ್ಸು ಹತ್ತಿದೆವು. ನಾವು ಶಾಲೆ ಮುಟ್ಟುವ ಹೊತ್ತಿಗೆ ಜಿಲ್ಲೆಯ ಅಷ್ಟೂ ಕೌಂಟರುಗಳಲ್ಲಿ ನಿಮ್ಮ ಪರದೆಗಳು ಕಪ್ಪಾಗಿದ್ದವು. ಮರುದಿನವೂ ಬೆಳಗಲಿಲ್ಲ. ತಿಂಡಿ ಪೊಟ್ಟಣ ಸ್ಥಳಾಂತರವಾದ್ದರಿಂದ ಮೂರನೇ ಕಪಾಟಿನ ಸಂಗ್ರಹಯಂತ್ರ ಕೆಟ್ಟಿತೆಂದು ನಿಮ್ಮ ಪ್ರಕಟಣೆಯೇ ಹೇಳಿದೆ. ಮೂರನೆಯದೇ ಯಾಕೆ ಎಂದು ನಿಮ್ಮಲ್ಲಿ ಒಬ್ಬರಿಗೂ ಅನ್ನಿಸಲಿಲ್ಲವೇ? ಅಥವಾ ಅನ್ನಿಸಿದ್ದರಿಂದಲೇ ಒಬ್ಬ ಹುಡುಗಿ ಬೇಕಾದಳೇ?

ನಿಮ್ಮ ತರ್ಕವನ್ನೇ ಸ್ವಲ್ಪ ಹಿಡಿದು ನಡೆಯೋಣ. ಹೊಸ ಪೊಟ್ಟಣ ಇಟ್ಟ ಮೇಲೆ ಯಂತ್ರ ಕೆಟ್ಟಿತೆಂದರೆ, ಅಲ್ಲಿಯವರೆಗೆ ಇಡೀ ವ್ಯವಸ್ಥೆಯನ್ನು ಹಿಡಿದು ನಿಲ್ಲಿಸಿದ್ದು ಆ ಹಳೆಯ ಪೊಟ್ಟಣ. ಎಂಜಿನಿಯರುಗಳಲ್ಲ, ಪ್ರತಿವರ್ಷ ನವೀಕರಿಸುವ ಗುತ್ತಿಗೆಯಲ್ಲ, ನೀವೂ ಅಲ್ಲ. ಹಾಗಿದ್ದರೆ ಅವಧಿ ಮುಗಿದ ಮೇಲೂ ಸೇವೆ ಸಲ್ಲಿಸಿದ ಆ ಪೊಟ್ಟಣಕ್ಕೆ ಒಂದು ಪದಕ ತೊಡಿಸಬೇಕಿತ್ತು. ಸಾಧ್ಯವಾದರೆ ಶಾಖಾಧಿಕಾರಿಗಳ ಕುರ್ಚಿಯಲ್ಲೇ ಕೂರಿಸಬೇಕಿತ್ತು. ಕೆಲಸದಲ್ಲಿ ಹೆಚ್ಚಿನ ವ್ಯತ್ಯಾಸವಾಗುತ್ತಿರಲಿಲ್ಲ, ಸಂಬಳವೂ ಉಳಿಯುತ್ತಿತ್ತು. ನೀವು ಇಷ್ಟು ನಂಬಿಕೆಯವರಾಗಿದ್ದರೆ ಅದರ ದಿನಾಂಕವನ್ನಾದರೂ ನೋಡಿಕೊಳ್ಳಬೇಡವೇ? ನಂಬಿಕೆಯಿಲ್ಲದಿದ್ದರೆ ದೀಪವನ್ನಾದರೂ ನೋಡಬೇಡವೇ? ಎರಡನ್ನೂ ಮಾಡದವರು ಕೋಣೆಯೊಳಗೆ ಮಾಡುತ್ತಿದ್ದುದು ಏನು ಎಂಬುದೇ ನನಗೆ ತಿಳಿಯದು. ಏಸಿ ಮಾತ್ರ ತಂಪಾಗಿತ್ತು.

ಕೌಂಟರಿನ ಮುಂದೆ ನಿಂತ ಜನ ನಿಮಗಿಂತ ಬೇಗ ವಿಷಯ ಹಿಡಿದಿದ್ದರು. ನನ್ನ ಸ್ಕೂಟರಿನ ಕೆಲಸಕ್ಕೆ ಅದೇ ವಾರ ನಾನೂ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ಮುದುಕರೊಬ್ಬರು, ಕೆನ್ನೆಯಲ್ಲಿ ಅಡಿಕೆ ಒತ್ತಿಕೊಂಡೇ, ಗಾಜಿಗೆ ಅಂಟಿಸಿದ್ದ ಪ್ರಕಟಣೆ ಓದಿ ನನ್ನ ಕಡೆ ತಿರುಗಿದರು.

"ಅಲ್ಲಮ್ಮಾ, ತಿಂಡಿ ಪೊಟ್ಣ ಅಲುಗಾಡಿದ್ರೆ ಸರ್ಕಾರ ಬೀಳೋದಾದ್ರೆ, ತಿಂದ್ಬಿಟ್ರೆ ಏನಾಗತ್ತೆ?"

ನಾನೂ ಗಾಜಿನ ಮೇಲಿನ ಪ್ರಕಟಣೆಯನ್ನು ಮತ್ತೊಮ್ಮೆ ಓದಿದೆ. ಇದಕ್ಕೆ ಉತ್ತರ ಅದರಲ್ಲಿ ಇಲ್ಲ.

ಇಷ್ಟರವರೆಗೆ ನಗಬಹುದು, ನಾನೂ ನಕ್ಕಿದ್ದೇನೆ. ಇನ್ನು ನಗಲಾರೆ. ಯೂತುಂಗ್‌ಳ ತಾಯಿ ಬೆಳಗಿನ ತಿಂಡಿಯಂಗಡಿ ನಡೆಸುತ್ತಾರೆ. ಮೊಟ್ಟೆ ರೊಟ್ಟಿ, ಸೋಯಾ ಹಾಲು, ಮೂಲಂಗಿ ಕಡುಬು. ದೂರು ಬಂದ ಮರುದಿನ ಆ ತಾಯಿ ಅಂಗಡಿ ಮುಚ್ಚಿ, ಮದುವೆಮನೆಗೆ ಹಾಕಿಕೊಳ್ಳುವ ಅಂಗಿ ಹಾಕಿಕೊಂಡು, ಅನಾನಸ್ ಕೇಕಿನ ದೊಡ್ಡ ಪೆಟ್ಟಿಗೆ ಹಿಡಿದು ನಿಮ್ಮ ಕಚೇರಿಗೆ ಬಂದರು. ತಪ್ಪೇ ಮಾಡದ ಮಗಳ ಪರವಾಗಿ ತಲೆ ಬಾಗಿಸಿ ಕ್ಷಮೆ ಕೇಳಿದರು. ನಿಮ್ಮವರು ಪೆಟ್ಟಿಗೆ ತೆಗೆದುಕೊಂಡರು. ಕ್ಷಮೆಯನ್ನೂ ತೆಗೆದುಕೊಂಡರು. ದೂರನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದಲ್ಲದೆ, "ಹುಡುಗಿ ಕೈಯಲ್ಲೇ ಒಂದು ತಪ್ಪೊಪ್ಪಿಗೆ ಬರೆಸ್ಕೊಂಡ್ ಬನ್ನಿ ಅಕ್ಕಾ, ಆಮೇಲೆ ನೋಡೋಣ" ಎಂದು ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಇದನ್ನು ಕೇಳಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆ ಕೇಕು ನಿಮ್ಮಲ್ಲಿ ಯಾರಿಗಾದರೂ ಗಂಟಲಿನಲ್ಲಿ ಇಳಿಯಿತೇ?

ತಾಯಿ ಮನೆಗೆ ಬಂದು ಮಗಳ ಮುಂದೆ ಕಾಗದ ಇಟ್ಟರು. "ಬರೆದ್ಬಿಡು ಯೂತುಂಗ್. ನಾಲ್ಕು ಸಾಲು. ದೊಡ್ಡೋರ ಜೊತೆ ನಮಗ್ಯಾಕೆ?" ಎಂದರಂತೆ. ಅವಳು ಬರೆಯಲಿಲ್ಲ. ಮರುದಿನ ಅದೇ ಖಾಲಿ ಕಾಗದ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. ಅತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಸಮಾಧಾನ ಮಾಡಿ ಕಳಿಸುತ್ತಿದ್ದೆ.

"ಟೀಚರ್, ಒಂದು ಕೇಳ್ಲಾ? ಪೊಟ್ಣ ಎತ್ತಿದ್ದು ತಪ್ಪು ಅಂತ ಬರೀಬೇಕಾ, ದೀಪ ಉರೀತಿದೆ ಅಂದಿದ್ದು ತಪ್ಪು ಅಂತ ಬರೀಬೇಕಾ?"

ನಾನು ಅವಳ ಕೈಯಿಂದ ಕಾಗದ ತೆಗೆದುಕೊಂಡು ಮೇಜಿನ ಮೇಲಿಟ್ಟೆ.

"ನಾಳೆ ನಾನೂ ಇಂಥದ್ದೇ ಕೆಲಸಕ್ಕೆ ಸೇರೋಳು ಅಲ್ವಾ ಟೀಚರ್? ಅಲ್ಲೂ ಕೆಂಪು ದೀಪ ಕಂಡ್ರೆ ಹೇಳ್ಬೇಕಾ, ಬೇಡ್ವಾ? ಈಗ್ಲೇ ಹೇಳ್ಬಿಡಿ, ಹಾಗೇ ಕಲ್ತ್ಕೋತೀನಿ."

ಮಾನ್ಯರೇ, ತರಗತಿಯಲ್ಲಿ ಮಕ್ಕಳು ಕೇಳುವ ಯಾವ ಪ್ರಶ್ನೆಗೂ ನಾನು ಹೀಗೆ ಕಕ್ಕಾಬಿಕ್ಕಿಯಾದವಳಲ್ಲ. 'ಹೇಳಬೇಕು' ಎಂದರೆ, ಹೇಳಿದ್ದಕ್ಕೆ ಸಿಕ್ಕಿದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. 'ಬೇಡ' ಎಂದರೆ, ನಾಳೆ ಅವಳು ಆಸ್ಪತ್ರೆಯದೋ ರೈಲಿನದೋ ಯಂತ್ರದ ಮುಂದೆ ಕೂತಾಗ ಅಲ್ಲೂ ದೀಪಕ್ಕೆ ಅಡ್ಡವಾಗಿ ಒಂದು ಪೊಟ್ಟಣ ಇಟ್ಟು ಸುಮ್ಮನಿರುತ್ತಾಳೆ. ನಿಮ್ಮ ಶಾಖಾಧಿಕಾರಿಗಳು ಅವಳನ್ನು ಒಂದೇ ಬೆಳಿಗ್ಗೆ ಎರಡು ಸಲ ಜಾಣೆ ಎಂದು ಕರೆದರು. ಮೊದಲ ಸಲ, ಅವಧಿ ಮುಗಿದದ್ದನ್ನು ಕಂಡುಹಿಡಿದದ್ದಕ್ಕೆ. ಎರಡನೇ ಸಲ, ಬಾಯಿ ಮುಚ್ಚಿಸುವುದಕ್ಕೆ. ಇವೆರಡರಲ್ಲಿ ಯಾವ ಜಾಣೆಯನ್ನು ನಾನು ತಯಾರು ಮಾಡಿ ಕಳಿಸಬೇಕೆಂದು ಸರ್ಕಾರ ಬಯಸುತ್ತದೆ, ದಯವಿಟ್ಟು ತಿಳಿಸಿ. ಪಠ್ಯಪುಸ್ತಕದಲ್ಲಿ ಅದನ್ನು ಬರೆದಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತಿರುವುದು ಇಷ್ಟೇ. ಸೋಮವಾರದ ಸಭೆಗೆ ಮುಂಚೆ ದೂರನ್ನು ಹಿಂತೆಗೆದುಕೊಳ್ಳಿ. ಮೂರನೇ ಕಪಾಟಿನ ದೀಪ ಎಷ್ಟು ಕಾಲದಿಂದ ಉರಿಯುತ್ತಿತ್ತೆಂದು, ಪೊಟ್ಟಣ ಬದಲಿಸಲು ಯಾರು ಹೇಳಿದರೆಂದು, ನೀವು ಪ್ರಕಟಣೆ ಅಂಟಿಸಿದ್ದ ಅದೇ ಗಾಜಿಗೆ ಅಂಟಿಸಿ. ಆ ತಾಯಿಯ ಅಂಗಡಿಗೆ ನೀವೇ ಹೋಗಿ. ಕೇಕು ಒಯ್ಯದಿದ್ದರೂ ನಡೆಯುತ್ತದೆ, ಅವರು ಒಳ್ಳೆಯವರು, ನಿಮಗೇ ಒಂದು ಲೋಟ ಸೋಯಾ ಹಾಲು ಕೊಟ್ಟಾರು. ಕೊನೆಯದಾಗಿ, ಯೂತುಂಗ್ ಕೇಳಿದ ಪ್ರಶ್ನೆಗೆ ಸಹಿ ಹಾಕಿ ಉತ್ತರ ಬರೆದು ಕಳಿಸಿ. ಹೇಳಬೇಕು ಅಥವಾ ಬೇಡ, ಒಂದೇ ಮಾತು ಸಾಕು. ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ಸಭೆಯ ಹೊತ್ತಿಗೆ ಉತ್ತರ ಬರದಿದ್ದರೆ ನಾನು ಅಲ್ಲಿ ಎದ್ದುನಿಂತು, ಆ ಹುಡುಗಿಯ ಪಟ್ಟಿಯಲ್ಲಿ ಏನು ಬರೆಯುತ್ತೀರೋ ಅದನ್ನೇ ನನ್ನ ಸೇವಾ ಪುಸ್ತಕದಲ್ಲೂ ಬರೆಯಿರಿ ಎನ್ನಲಿದ್ದೇನೆ. ಕರೆದುಕೊಂಡು ಬಂದವಳು ನಾನಲ್ಲವೇ.

ಯೂತುಂಗ್ ಒಪ್ಪಿಗೆ ಪಡೆದು, ಅವಳು ಬರೆಯದೆ ಬಿಟ್ಟ ಆ ಖಾಲಿ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ತಪ್ಪೊಪ್ಪಿಗೆ ಬರೆಯಬೇಕಾದವರು ಬರೆದುಕೊಳ್ಳಲಿ. ಒಂದು ಹೊಸ ಹಸಿರು ಪೊಟ್ಟಣವನ್ನೂ ಕಳಿಸಿದ್ದೇನೆ, ದಿನಾಂಕ ನೋಡಿಯೇ ತಂದದ್ದು. ಈ ಸಲ ದೀಪ ಕಾಣುವ ಹಾಗೆ ಸ್ವಲ್ಪ ಪಕ್ಕಕ್ಕೆ ಇಡಿ.

ಇಂತಿ,
ಇಷ್ಟು ವಯಸ್ಸಾದರೂ ಜಾಣಮರಿಯಾಗಲು ಬಾರದ
ತೆಂಗ್ ಮೇಚೂ,
ಗಣಿತದ ಶಿಕ್ಷಕಿ, ಬಹುಶಃ ಸೋಮವಾರದವರೆಗೆ